ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾದವರಲ್ಲ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ನಮಸ್ಕಾರ. ಮಾತಿಗೆ ಮುಂಚೆ ಒಂದು ಚಿಕ್ಕ ಕಸರತ್ತು ಮಾಡೋಣ. ಹುಬ್ಬುಗಳ ಒಳತುದಿಯನ್ನು, ಅಂದರೆ ಮೂಗಿನ ಕಡೆಗಿರುವ ತುದಿಯನ್ನು ಮಾತ್ರ ಮೇಲಕ್ಕೆತ್ತಿ. ಹೊರತುದಿ ಅಲ್ಲಾಡಕೂಡದು. ಈಗ ಪಕ್ಕದವರ ಹಣೆ ನೋಡಿ. ಬಹಳ ಜನರ ಹುಬ್ಬು ಪೂರ್ತಿ ಏರಿದೆ, ಇನ್ನು ಕೆಲವರದು ಗಂಟಾಗಿದೆ, ಸರಿಯಾಗಿ ಮಾಡಿದವರು ಬೆರಳೆಣಿಕೆಯಷ್ಟು. ಕೇಳಿದರೆ ಬಾರದ ಈ ಚಲನೆ ಅಳು ಒತ್ತರಿಸಿ ಬಂದಾಗ ಯಾರೂ ಕೇಳದೆಯೇ ಬರುತ್ತದೆ. ಹಣೆಯ ನಡುಭಾಗದಲ್ಲಿ ಮಾತ್ರ ಅಡ್ಡಗೆರೆ ಮೂಡಿ, ಹುಬ್ಬುಗಳು ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿಜಾರಾಗುತ್ತವೆ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಬರೆದ ಪುಸ್ತಕದಲ್ಲಿ ಈ ಕೆಲಸ ಮಾಡುವ ಸ್ನಾಯುಗಳನ್ನು ‘ದುಃಖದ ಸ್ನಾಯುಗಳು’ ಎಂದೇ ಕರೆದ.

ಈ ಕಸರತ್ತಿನಲ್ಲೇ ಇವತ್ತಿನ ವಿಷಯವಿದೆ. ನಮ್ಮ ಕಣ್ಣಿಗೆ ಬೀಳುವುದು ಸ್ನಾಯು ಎಳೆದ ಚರ್ಮ. ಸಿಟ್ಟು, ಬೇಸರ, ಭಯ ಎಂಬವು ಆ ಚರ್ಮದ ಮೇಲೆ ನಾವು ಅಂಟಿಸುವ ಚೀಟಿಗಳು. ನೋಡುವುದು ಒಂದು ಕೆಲಸ, ಚೀಟಿ ಅಂಟಿಸುವುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಮಾಡುವುದರಿಂದಲೇ ಮುಖ ಓದುವವರು ಎಡವುವುದು.

ಮುಖದ ಸ್ನಾಯುಗಳ ಒಂದು ವಿಶೇಷವನ್ನು ಮೊದಲು ಹೇಳಿಬಿಡುತ್ತೇನೆ. ಕೈಕಾಲಿನ ಸ್ನಾಯುಗಳು ಮೂಳೆಯಿಂದ ಮೂಳೆಗೆ ಕಟ್ಟಿಕೊಂಡಿವೆ. ಮುಖದಲ್ಲಿ ಹಾಗಲ್ಲ, ಹೆಚ್ಚಿನವುಗಳ ಒಂದು ತುದಿ ಚರ್ಮಕ್ಕೇ ಅಂಟಿದೆ. ಅದಕ್ಕೇ ಸ್ನಾಯು ಎಳೆದ ಕಡೆಯೆಲ್ಲ ಮಡಿಕೆ, ಗುಳಿ, ಗೆರೆ. ಇವನ್ನು ಆಳುವುದು ಮಿದುಳಿನ ಏಳನೆಯ ನರ, ಎಡಕ್ಕೊಂದು ಬಲಕ್ಕೊಂದು. ಆ ನರಕ್ಕೆ ಅಪ್ಪಣೆ ಬರುವ ದಾರಿಗಳು ಎರಡು: ಬೇಕೆಂದು ಮಾಡುವ ಚಲನೆಗೆ ಒಂದು, ತಾನಾಗಿ ಉಕ್ಕುವ ಭಾವಕ್ಕೆ ಇನ್ನೊಂದು. ಪಾರ್ಶ್ವವಾಯು ಹೊಡೆದ ಕೆಲವರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ‘ಹಲ್ಲು ತೋರಿಸಿ’ ಎಂದರೆ ಬಾಯಿಯ ಒಂದು ಪಕ್ಕ ಏಳುವುದಿಲ್ಲ, ಮೊಮ್ಮಗು ಬಂದು ಏನೋ ತೊದಲಿದರೆ ಎರಡೂ ಪಕ್ಕ ಸಮನಾಗಿ ಅರಳುತ್ತದೆ. ಮಿದುಳಿನ ಬೇರೆ ಜಾಗಕ್ಕೆ ಪೆಟ್ಟು ಬಿದ್ದರೆ ಇದರ ತಿರುಗುಮುರುಗು.

ಕನ್ನಡದಲ್ಲಿ ಮುಖದ ಚಲನೆಗಳಿಗೆ ಹೆಸರಿನ ಬರವಿಲ್ಲ. ಹುಬ್ಬು ಗಂಟಿಕ್ಕುವುದು, ಹುಬ್ಬೇರಿಸುವುದು, ಮೂಗು ಮುರಿಯುವುದು, ಮುಖ ಸಿಂಡರಿಸುವುದು, ಮುಖ ಕಿವುಚುವುದು, ಮುಖ ಊದಿಸಿಕೊಳ್ಳುವುದು, ತುಟಿ ಕಚ್ಚುವುದು, ಹಲ್ಲು ಕಿರಿಯುವುದು. ಈ ಮಾತುಗಳನ್ನು ಸ್ವಲ್ಪ ಗಮನಿಸಿ. ‘ಹುಬ್ಬು ಗಂಟಿಕ್ಕಿದ’ ಎಂಬುದು ಕಂಡದ್ದನ್ನು ಹೇಳುತ್ತದೆ. ‘ಮುಖ ಊದಿಸಿಕೊಂಡಳು’ ಎನ್ನುವಾಗ ಮುನಿಸು ಆಗಲೇ ಒಳಗೆ ಸೇರಿಹೋಗಿದೆ. ಮುಖ ಓದುವುದನ್ನು ಕಲಿಯಬೇಕೆನ್ನುವವರು ಮೊದಲ ಬಗೆಯ ಮಾತುಗಳಲ್ಲೇ ಕೆಲವು ದಿನ ಉಳಿಯಬೇಕು.

ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ‘ಫ್ಯಾಕ್ಸ್’ (ಫೇಶಿಯಲ್ ಆಕ್ಷನ್ ಕೋಡಿಂಗ್ ಸಿಸ್ಟಮ್) ಎಂಬ ಸಂಕೇತಪದ್ಧತಿ ಮಾಡಿದ್ದು ಇದನ್ನೇ. ಸ್ವೀಡನ್ನಿನ ಅಂಗರಚನಾಶಾಸ್ತ್ರಜ್ಞ ಯೋರ್ಟ್‌ಶೋ ಹಾಕಿದ ತಳಪಾಯದ ಮೇಲೆ ಅವರು ಅದನ್ನು ಕಟ್ಟಿದರು. 2002ರಲ್ಲಿ ಪರಿಷ್ಕರಣೆಯೂ ಆಯಿತು. ಅದರಲ್ಲಿ ಭಾವನೆಯ ಹೆಸರುಗಳಿಲ್ಲ, ಚಲನೆಗೊಂದು ಅಂಕಿ. ನೀವು ಈಗ ಪ್ರಯತ್ನಿಸಿದ ಒಳಹುಬ್ಬಿನ ಏರಿಕೆ 1. ಹೊರಹುಬ್ಬಿನದು 2. ಹುಬ್ಬು ಕೆಳಗಿಳಿದು ಒಂದಕ್ಕೊಂದು ಹತ್ತಿರವಾದರೆ 4. ಮೇಲಿನ ರೆಪ್ಪೆ ಎತ್ತಿ ಕಣ್ಣು ಅಗಲವಾದರೆ 5. ಕೆನ್ನೆ ಏರಿ ಕಣ್ಣು ಕಿರಿದಾದರೆ 6, ರೆಪ್ಪೆ ಮಾತ್ರ ಬಿಗಿದರೆ 7. ಮೂಗು ಸುಕ್ಕಾದರೆ 9, ಮೇಲ್ತುಟಿ ಏರಿದರೆ 10. ಬಾಯಿಯ ಅಂಚು ಓರೆಯಾಗಿ ಮೇಲೆ ಹೋದರೆ 12, ಕೆಳಗೆ ಜಗ್ಗಿದರೆ 15, ಕಿವಿಯ ಕಡೆಗೆ ಅಡ್ಡಡ್ಡ ಎಳೆದರೆ 20. ತುಟಿ ಬಿಗಿದು ತೆಳುವಾದರೆ 23. ಪ್ರತಿಯೊಂದಕ್ಕೂ ಎ ಇಂದ ಇ ತನಕ ಐದು ಹಂತಗಳ ತೀವ್ರತೆ. ಇದನ್ನು ಕಲಿಯಲು ನೂರು ಗಂಟೆಯ ಆಸುಪಾಸು ಬೇಕು. ಕಲಿತವರಿಗೂ ಒಂದು ನಿಮಿಷದ ವಿಡಿಯೊಗೆ ಅಂಕಿ ಹಾಕಲು ಗಂಟೆಗಟ್ಟಲೆ ಹಿಡಿಯಬಹುದು. ‘ಹತ್ತು ನಿಮಿಷದಲ್ಲಿ ಯಾರ ಮುಖವನ್ನಾದರೂ ಓದಿ’ ಎಂಬ ವಿಡಿಯೊಗಳನ್ನು ನೋಡುವಾಗ ಈ ಲೆಕ್ಕ ನೆನಪಿರಲಿ.

ನಗೆಯಿಂದಲೇ ಶುರುಮಾಡೋಣ, ಎಲ್ಲರಿಗೂ ಗೊತ್ತೆನಿಸುವ ಮತ್ತು ಎಲ್ಲರೂ ತಪ್ಪುವ ಜಾಗ ಅದು. ಫ್ರೆಂಚ್ ವೈದ್ಯ ದುಶೆನ್ ಮುಖಕ್ಕೆ ವಿದ್ಯುತ್ ತಾಗಿಸಿ ಒಂದೊಂದೇ ಸ್ನಾಯುವನ್ನು ಕುಣಿಸಿ, ಫೋಟೊ ತೆಗೆಸಿ, 1862ರಲ್ಲಿ ಪುಸ್ತಕ ಮಾಡಿದ. ಬಾಯಿಯಂಚು ಎಳೆಯುವ ಸ್ನಾಯು ಮನಸ್ಸಿನ ಮಾತು ಕೇಳುತ್ತದೆ, ಕಣ್ಣಿನ ಸುತ್ತಲಿನದು ನಿಜವಾದ ಸಂತೋಷಕ್ಕೆ ಮಾತ್ರ ಮಣಿಯುತ್ತದೆ ಎಂಬುದು ಅವನ ನಿಲುವು. ಅಂಕಿಯಲ್ಲಿ ಹೇಳಿದರೆ 6 ಮತ್ತು 12 ಕೂಡಿದರೆ ಅಸಲಿ, ಬರೀ 12 ಬಂದರೆ ದೇಶಾವರಿ. ಈ ಸೂತ್ರ ಎಲ್ಲ ಕಡೆ ಹಬ್ಬಿದೆ, ಆದರೆ ಎರಡು ಕಡೆ ಸೋಲುತ್ತದೆ. ಬಾಯಿಯನ್ನು ಜೋರಾಗಿ ಅಗಲಿಸಿದರೆ ಸಾಕು, ಕೆನ್ನೆಯ ಮಾಂಸವೇ ಮೇಲೆ ದಬ್ಬಿ ಕಣ್ಣಂಚಿನಲ್ಲಿ ಕಾಗೆಕಾಲಿನ ಗೆರೆ ಮೂಡಿಸುತ್ತದೆ. ಅಲ್ಲಿ 6 ನಿಜಕ್ಕೂ ಇದೆಯೇ ಎಂದು ತಿಳಿಯಲು ಹುಬ್ಬಿಗೂ ಮೇಲಿನ ರೆಪ್ಪೆಗೂ ನಡುವಿನ ಚರ್ಮ ನೋಡಬೇಕು. ಕಣ್ಣಿನ ಸ್ನಾಯು ಕೆಲಸ ಮಾಡಿದ್ದರೆ ಆ ಚರ್ಮ, ಜೊತೆಗೆ ಹುಬ್ಬಿನ ಹೊರತುದಿ, ಕೂದಲೆಳೆಯಷ್ಟು ಕೆಳಗಿಳಿದಿರುತ್ತದೆ. ಇನ್ನೊಂದು, ಬಹಳ ಮಂದಿ ಬೇಕೆಂದೇ 6 ತರಬಲ್ಲರು. ಮದುವೆಮನೆಯ ಫೋಟೊಗ್ರಾಫರನ ಮುಂದೆ ನಿಂತು ಅಭ್ಯಾಸವಾದವರಿಗೆ ಅದೇನು ಮಹಾ. ಆಕಾರಕ್ಕಿಂತ ಕಾಲವೇ ಇಲ್ಲಿ ಹೆಚ್ಚು ನಂಬಿಕಸ್ಥ. ತಾನಾಗಿ ಬರುವ ನಗೆ ನಿಧಾನವಾಗಿ ಏರಿ, ನಿಧಾನವಾಗಿ ಕರಗುತ್ತದೆ. ತಂದುಕೊಂಡದ್ದು ಸ್ವಿಚ್ ಹಾಕಿದ ಹಾಗೆ ಹತ್ತಿಕೊಂಡು, ಅಷ್ಟೇ ಬೇಗ ಆರುತ್ತದೆ. ಹಾಗೆಂದು ದೇಶಾವರಿ ನಗೆಯೆಲ್ಲ ಮೋಸವಲ್ಲ. ಅಂಗಡಿಯವರು, ನೆಂಟರು, ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟವರು ಪರಸ್ಪರ ಕೊಡುವ ಮರ್ಯಾದೆ ಅದು.

ಭಯ ಮತ್ತು ಅಚ್ಚರಿ ಒಂದನ್ನೊಂದು ಹೋಲುತ್ತವೆ: ಎರಡರಲ್ಲೂ ಹುಬ್ಬು ಏರಿ ಕಣ್ಣು ಅರಳುತ್ತದೆ. ವ್ಯತ್ಯಾಸ ಎರಡೇ ಕಡೆ. ಅಚ್ಚರಿಯಲ್ಲಿ ಹುಬ್ಬು ಕಮಾನಾಗಿ ಬಾಗಿ, ದವಡೆ ಸಡಿಲವಾಗಿ ಬೀಳುತ್ತದೆ. ಭಯದಲ್ಲಿ ಏರಿದ ಹುಬ್ಬುಗಳೇ ಒಂದಕ್ಕೊಂದು ಹತ್ತಿರ ಸರಿದು ನೇರವಾಗುತ್ತವೆ, ತುಟಿ ಅಡ್ಡಡ್ಡ ಬಿಗಿಯುತ್ತದೆ. ಇನ್ನು ಸಿಟ್ಟು. ಹುಬ್ಬು ಗಂಟಾದುದೇ ಸಿಟ್ಟಿನ ಗುರುತೆಂದು ನಂಬಿದವರಿಗೆ ಕೆಟ್ಟ ಸುದ್ದಿ: 4 ಬರುವ ಸಂದರ್ಭಗಳಲ್ಲಿ ಸಿಟ್ಟು ಒಂದು ಮಾತ್ರ. ಲೆಕ್ಕ ಬಿಡಿಸುವಾಗ ಬರುತ್ತದೆ, ಬಿಸಿಲಿಗೆ ಬರುತ್ತದೆ, ಕನ್ನಡಕ ಮನೆಯಲ್ಲಿ ಮರೆತಾಗ ಬರುತ್ತದೆ, ಹೊಟ್ಟೆ ನುಲಿದಾಗ ಬರುತ್ತದೆ, ಉಪನ್ಯಾಸ ಅರ್ಥವಾಗದಿದ್ದಾಗಲೂ ಬರುತ್ತದೆ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 2019ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಜರಡಿ ಹಿಡಿದರು. ವಯಸ್ಕರು ಸಿಟ್ಟಾದಾಗ ಮುಖ ಗಂಟಿಕ್ಕುವುದು ಸರಾಸರಿ ನೂರಕ್ಕೆ 30 ಸಲ. ಉಳಿದ 70 ಸಲ ಅವರು ಸುಮ್ಮನಿರುತ್ತಾರೆ, ನಗುತ್ತಾರೆ, ಅಳುತ್ತಾರೆ, ಎದ್ದು ಹೋಗುತ್ತಾರೆ. ಆದ್ದರಿಂದ 4 ಕಂಡಾಗ ಅಲ್ಲೇ ನಿಲ್ಲದೆ ಕಣ್ಣು ಬಾಯಿ ನೋಡಿ. ಮೇಲಿನ ರೆಪ್ಪೆ ಎತ್ತಿ ದುರುಗುಟ್ಟುತ್ತಿದ್ದರೆ, ತುಟಿ ತೆಳುವಾಗಿ ಬಿಗಿದಿದ್ದರೆ ಸಿಟ್ಟಿನ ಸಾಧ್ಯತೆ ಏರುತ್ತದೆ. ಆಗಲೂ ಅದು ಸಾಧ್ಯತೆಯೇ.

ಸ್ನಾಯು ಏನೂ ಮಾಡದೆಯೇ ಮುಖ ಏನೋ ಹೇಳಿದಂತೆ ಕಾಣುವುದುಂಟು. ತಲೆ ಸ್ವಲ್ಪ ತಗ್ಗಿಸಿ ನೇರ ನೋಡಿದರೆ ನಿರ್ಭಾವದ ಮುಖದಲ್ಲೂ ಹುಬ್ಬುಗಳು ವಿ ಆಕಾರಕ್ಕೆ ಇಳಿದಂತೆ ಕಾಣುತ್ತವೆ, ನೋಡುವವರಿಗೆ ಗದರಿದ ಹಾಗೆ ಅನಿಸುತ್ತದೆ. ವಿಡಿಯೊ ಕರೆಯಲ್ಲಿ ಯಾರೋ ಬಿಗುವಾಗಿದ್ದಾರೆ ಎನಿಸಿದರೆ ಮೊದಲು ಅವರ ತಲೆಯ ಕೋನ ನೋಡಿ. ಪಕ್ಕದಿಂದ ಬಿದ್ದ ಬೆಳಕು ಇಲ್ಲದ ಗೆರೆ ಎಬ್ಬಿಸುತ್ತದೆ, ಫೋನಿನ ಬ್ಯೂಟಿ ಫಿಲ್ಟರ್ ಇದ್ದ ಗೆರೆಯನ್ನು ಅಳಿಸುತ್ತದೆ. ವಯಸ್ಸಾದವರ ಬಾಯಿಯಂಚು ಚರ್ಮದ ಭಾರಕ್ಕೇ ಜಗ್ಗಿರುತ್ತದೆ, ಅದು 15 ಅಲ್ಲ, ದುಃಖವೂ ಅಲ್ಲ. ಸುಕ್ಕು ಕಾಣದಂತೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಹಾಕಿಸಿಕೊಂಡ ಹಣೆಯಲ್ಲಿ 4 ಬರುವುದೇ ಕಷ್ಟ. ಪಾರ್ಕಿನ್ಸನ್ ಕಾಯಿಲೆಯವರ ಸಂಗತಿಯನ್ನು ಮನೆಯವರು ತಿಳಿದಿರಲೇಬೇಕು. ಸ್ನಾಯುಗಳ ಬಿಗಿತ ಮತ್ತು ನಿಧಾನದಿಂದ ಮುಖ ಮುಖವಾಡದಂತಾಗುತ್ತದೆ, ಕಣ್ಣು ಮಿಟುಕಿಸುವುದೂ ಕಡಿಮೆಯಾಗುತ್ತದೆ. ‘ಅಪ್ಪನಿಗೆ ನಮ್ಮ ಮೇಲೆ ಅಕ್ಕರೆಯೇ ಹೋಯಿತು’ ಎಂದು ಮಕ್ಕಳು ಕೊರಗುತ್ತಾರೆ. ಅಕ್ಕರೆ ಅಲ್ಲೇ ಇದೆ, ಅದನ್ನು ಹೊರಗೆ ತರುವ ಯಂತ್ರ ಮಾತ್ರ ನಿಧಾನವಾಗಿದೆ. ಇಷ್ಟನ್ನೂ ತಪ್ಪಿಸಲು ಇರುವುದು ಒಂದೇ ಉಪಾಯ. ಆ ವ್ಯಕ್ತಿ ಸುಮ್ಮನೆ ಕೂತಾಗ, ಹರಟೆ ಹೊಡೆಯುವಾಗ ಮುಖ ಹೇಗಿರುತ್ತದೆಂದು ಮೊದಲೇ ಗಮನಿಸಿಟ್ಟುಕೊಂಡು, ಅದರಿಂದ ಏನು ಬದಲಾಯಿತು, ಯಾವ ಮಾತಿನ ಬೆನ್ನಿಗೆ ಬದಲಾಯಿತು ಎಂದು ನೋಡುವುದು.

ಭಾವಗಳ ಮುಖ ಜಗತ್ತಿನಲ್ಲೆಲ್ಲ ಒಂದೇ ತಾನೆ ಎಂದು ಕೇಳುವವರಿದ್ದಾರೆ. ಎಕ್‌ಮನ್ ಮತ್ತು ಫ್ರೀಸನ್ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಮಾಡಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ದೊಡ್ಡ ಆಧಾರ. ಒಂದು ಪುಟ್ಟ ಕಥೆ ಹೇಳಿ, ಮುಂದಿಟ್ಟ ಫೋಟೊಗಳಲ್ಲಿ ಅದಕ್ಕೊಪ್ಪುವ ಮುಖ ಆರಿಸಲು ಹೇಳಿದರು. ಬಹುಪಾಲು ಹೊಂದಿತು. ಭಯ ಮತ್ತು ಅಚ್ಚರಿಯನ್ನು ಮಾತ್ರ ವಯಸ್ಕರು ಬೇರ್ಪಡಿಸಲಿಲ್ಲ. ಆಯ್ಕೆಗಳನ್ನು ಮುಂದಿಡದೆ ‘ಇವರಿಗೆ ಏನಾಗಿದೆ’ ಎಂದು ಬರಿದೇ ಕೇಳಿದರೆ ಹೊಂದಿಕೆ ಇಳಿಯುತ್ತದೆ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಕಂಡಿತು. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅದೇ ದೇಶದ ಟ್ರೋಬ್ರಿಯಾಂಡ್ ದ್ವೀಪದವರು ಪಾಶ್ಚಾತ್ಯರು ಭಯವೆನ್ನುವ ಬಾಯಿಬಿಟ್ಟ, ಕಣ್ಣರಳಿದ ಮುಖವನ್ನು ನೋಡಿ ಇವನು ಬೆದರಿಸುತ್ತಿದ್ದಾನೆ ಎಂದರು.

ನಮ್ಮ ಕಡೆಯದೇ ಒಂದು ಚೆಂದದ ಉದಾಹರಣೆ ಇದೆ. ತಪ್ಪು ಮಾತು ಬಾಯಿಂದ ಜಾರಿದರೆ ನಾವು ನಾಲಿಗೆ ಕಚ್ಚಿಕೊಳ್ಳುತ್ತೇವೆ. ಅದು ನುಡಿಗಟ್ಟೂ ಹೌದು, ನಿಜವಾದ ಚಲನೆಯೂ ಹೌದು. ಮನೋವಿಜ್ಞಾನಿಗಳಾದ ಜೊನಾಥನ್ ಹೈಟ್ ಮತ್ತು ಡ್ಯಾಕರ್ ಕೆಲ್ಟ್‌ನರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮುಖದ ಚಿತ್ರವನ್ನು ಒಡಿಶಾದವರಿಗೂ ಅಮೆರಿಕದವರಿಗೂ ತೋರಿಸಿದರು. ಒಡಿಶಾದವರು ನಾಚಿಕೆಯೆಂದು ಹಿಡಿದರು, ಅಮೆರಿಕದವರಿಗೆ ಅದು ಹತ್ತಲಿಲ್ಲ. ತಲೆಯ ಕಥೆಯೂ ಹೀಗೆ. ಸಂಗೀತ ಕಛೇರಿಯಲ್ಲಿ ತಲೆದೂಗುವುದನ್ನು, ‘ಆಯ್ತು’ ಎನ್ನಲು ತಲೆಯನ್ನು ಪಕ್ಕಕ್ಕೆ ತೂಗುವುದನ್ನು ಹೊರದೇಶದ ಸಹೋದ್ಯೋಗಿಗಳು ‘ಇಲ್ಲ’ ಎಂದೋ ‘ನೋಡೋಣ’ ಎಂದೋ ಓದುತ್ತಾರೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರು ಮಾತಿನಲ್ಲೂ ‘ಹೌದು’ ಎಂದುಬಿಡುವುದು ಕ್ಷೇಮ.

ಶಾಲೆಯಲ್ಲಿ ಬೈಸಿಕೊಳ್ಳುವಾಗ ಕಿಸಕ್ಕನೆ ನಗುವ ಮಗುವಿನ ಬಗ್ಗೆ ಒಂದು ಮಾತು. ಮೇಷ್ಟ್ರಿಗೆ ಅದು ಕೊಬ್ಬಾಗಿ ಕಾಣುತ್ತದೆ, ಏಟಿನ ಮೇಲೆ ಏಟು ಬೀಳುತ್ತದೆ. ಮುಜುಗರಕ್ಕೆ ಒಂದು ಕ್ರಮವಿದೆ: ಮೊದಲು ನೋಟ ಕೆಳಗೆ, ಆಮೇಲೆ ನಗು, ಆ ನಗುವನ್ನು ತಡೆಯಲು ತುಟಿ ಒತ್ತುವುದು, ಮುಖ ಪಕ್ಕಕ್ಕೆ ತಿರುಗುವುದು, ಕೈ ಮುಖ ಮುಟ್ಟುವುದು. ಎಲ್ಲ ಸೇರಿ ಸುಮಾರು ಐದು ಸೆಕೆಂಡು. ನಾವು ಪೆಚ್ಚುನಗೆ ಎನ್ನುವುದು ಇದನ್ನೇ. ಅದು ತಪ್ಪೊಪ್ಪಿಗೆ, ಸವಾಲಲ್ಲ. ನಗೆಯೊಂದನ್ನೇ ಕಂಡು ಅದರ ಮುಂಚಿನ ನೋಟವನ್ನು ಕಾಣದಿದ್ದರೆ ಈ ಅನಾಹುತ.

ನಾಟ್ಯಶಾಸ್ತ್ರದ ಹೆಸರು ಎತ್ತದೆ ಈ ವಿಷಯ ಮುಗಿಯದು. ಭರತ ಮುಖವನ್ನು ಬಿಡಿಬಿಡಿಯಾಗಿ ಎಣಿಸುತ್ತಾನೆ: ನೋಟ 36, ಹುಬ್ಬಿನ ಚಲನೆ 7, ಮೂಗಿನದು 6, ಕೆನ್ನೆಯದು 6, ಕೆಳದುಟಿಯದು 6, ಗದ್ದದ್ದು 7. ಮೊದಲು ಭಾಗ, ಆಮೇಲೆ ಜೋಡಣೆ. ಫ್ಯಾಕ್ಸ್ ಹಿಡಿದ ದಾರಿಯೂ ಅದೇ. ಬೆವರು, ರೋಮಾಂಚ, ನಡುಕ, ಬಣ್ಣಗೆಡುವುದು, ಕಣ್ಣೀರು ಇತ್ಯಾದಿ ಎಂಟನ್ನು ಸಾತ್ವಿಕವೆಂದು ಬೇರೆಯಿಟ್ಟದ್ದು ಇನ್ನೂ ಸೂಕ್ಷ್ಮ, ಬೇಕೆಂದಾಗ ಸ್ನಾಯು ಎಳೆದು ಅವನ್ನು ತರುವುದು ಸುಲಭವಲ್ಲ. ಆದರೆ ಒಂದು ಎಚ್ಚರ ಬೇಕು. ರಂಗದ ಮೇಲಿನ ಮುಖ ಕೊನೆಯ ಸಾಲಿನವನಿಗೂ ಮುಟ್ಟಲೆಂದು ಮಾಡಿದ್ದು. ಫೋಟೊ ಪರೀಕ್ಷೆಗಳ ಮುಖಗಳೂ ಹೆಚ್ಚಾಗಿ ಅಭಿನಯಿಸಿದವೇ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಮನೋರೋಗಿಗಳ ಭಾವಗ್ರಹಣವನ್ನು ಅಳೆಯಲು ರೂಪಿಸಿದ ‘ಟ್ರೆಂಡ್ಸ್’ ಎಂಬ ಸಾಧನದಲ್ಲಿ ಭಾರತೀಯ ನಟರ ಸ್ಥಿರಚಿತ್ರಗಳೂ ವಿಡಿಯೊಗಳೂ ಇವೆ. ವಿದೇಶೀ ಮುಖಗಳಿಂದ ನಮ್ಮ ರೋಗಿಗಳನ್ನು ಅಳೆಯುವುದಕ್ಕಿಂತ ಅದು ಎಷ್ಟೋ ಮೇಲು. ಆದರೂ ಅಂಥ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದವರು ಮನೆಯಲ್ಲಿ ಹೆಂಡತಿಯ ಮುಖ ಓದಬಲ್ಲರೆಂಬ ಖಾತರಿಯಿಲ್ಲ.

ತೀವ್ರ ಭಾವದಲ್ಲಂತೂ ಮುಖ ಬಹಳ ಕಡಿಮೆ ಹೇಳುತ್ತದೆ. ಟೆನಿಸ್ ಆಟಗಾರರು ಪಾಯಿಂಟ್ ಗೆದ್ದ ಮತ್ತು ಸೋತ ಕ್ಷಣದ ಫೋಟೊಗಳಿಂದ ಮುಖವನ್ನಷ್ಟೇ ಕತ್ತರಿಸಿ ತೋರಿಸಿದರೆ ಯಾರು ಗೆದ್ದವರೆಂದು ಜನರಿಗೆ ತಿಳಿಯಲಿಲ್ಲ. ಮುಖವಿಲ್ಲದ ಮೈ ತೋರಿಸಿದರೆ ತಿಳಿಯಿತು. 2012ರ ಈ ಪ್ರಯೋಗದ ತಮಾಷೆಯೆಂದರೆ, ಮುಖ ಮೈ ಎರಡನ್ನೂ ನೋಡಿದವರು ‘ಮುಖದಲ್ಲೇ ಗೊತ್ತಾಯಿತು’ ಎಂದುಕೊಂಡರು.

ಈಗ ಸುಳ್ಳಿನ ವಿಷಯ. ಈ ಕಲೆಯನ್ನು ಕಲಿಯಲು ಬರುವವರಲ್ಲಿ ಅರ್ಧಕ್ಕರ್ಧ ಜನ ಇದಕ್ಕೇ ಬರುವುದು, ಆದರೆ ಸುಳ್ಳು ಹಿಡಿಯಲು ಇದು ಕೆಲಸಕ್ಕೆ ಬಾರದು. 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಎಂಬಿಬ್ಬರು ಎದುರಿನವರು ಹೇಳಿದ್ದು ಸುಳ್ಳೋ ನಿಜವೋ ಎಂದು ಊಹಿಸಿದ 24,000ಕ್ಕೂ ಹೆಚ್ಚು ಜನರ ಫಲಿತಾಂಶ ಒಟ್ಟುಗೂಡಿಸಿದಾಗ ಸರಿಯಾದ ಊಹೆ ನೂರಕ್ಕೆ 54. ನಾಣ್ಯ ಚಿಮ್ಮಿದರೆ 50. ಸುಳ್ಳುಗಾರ ಕಣ್ಣು ತಪ್ಪಿಸುತ್ತಾನೆ ಎಂಬ ನಂಬಿಕೆ 75 ದೇಶಗಳಲ್ಲಿ ವಿಚಾರಿಸಿದಾಗ ಎಲ್ಲಕ್ಕಿಂತ ಹೆಚ್ಚು ಸಿಕ್ಕಿತು, ಆದರೆ ಅಳೆದು ನೋಡಿದರೆ ಅದಕ್ಕೆ ಆಧಾರ ಸಿಗುವುದಿಲ್ಲ. ಕಷ್ಟದ ಪ್ರಶ್ನೆಗೆ ಯೋಚಿಸುವಾಗ ಎಲ್ಲರೂ ನೋಟ ಬೇರೆಡೆ ಹೊರಳಿಸುತ್ತಾರೆ. ನಮ್ಮಲ್ಲಂತೂ ಹಿರಿಯರ ಮುಂದೆ ನೋಟ ತಗ್ಗಿಸುವುದು ಮರ್ಯಾದೆ. ಮಿಂಚಿನಂತೆ ಬಂದು ಹೋಗುವ ಸೂಕ್ಷ್ಮಭಾವಗಳು, ಅರ್ಧ ಸೆಕೆಂಡಿಗಿಂತ ಕಡಿಮೆ ಇರುವಂಥವು, ಇವೆ ನಿಜ. ಕೆನಡಾದ ಸಂಶೋಧಕರು 2008ರಲ್ಲಿ 697 ಮುಖಭಾವಗಳನ್ನು ಚೌಕಟ್ಟು ಚೌಕಟ್ಟಾಗಿ ನೋಡಿದಾಗ ಸಿಕ್ಕಿದ್ದು 14, ಅವೂ ನಟಿಸದೆ ಸಹಜವಾಗಿದ್ದ ಮುಖಗಳಲ್ಲೂ ಇದ್ದವು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಹಾವಭಾವ ನೋಡಿ ಅಪಾಯದವರನ್ನು ಆರಿಸುವ ಯೋಜನೆಗೆ 2007ರಿಂದ ಸುಮಾರು 90 ಕೋಟಿ ಡಾಲರ್ ಸುರಿದಿದ್ದರು. 2013ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ, ಇದು ಫಲಿಸುತ್ತದೆಂಬ ಪುರಾವೆ ಇಲ್ಲ, ಹಣ ಮಿತಿಗೊಳಿಸಿ ಎಂದಿತು.

ಮಾತಿಗೆ ಬರೀ 7 ಪಾಲು, ದನಿಗೆ 38, ಮುಖಕ್ಕೆ 55 ಎಂಬ ಸೂತ್ರವನ್ನು ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಕೇಳಿರುತ್ತೀರಿ. ಅದು ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಬಿಡಿ ಪದಗಳನ್ನು ಬಳಸಿ, ಇಷ್ಟ ಅಥವಾ ಅನಿಷ್ಟದ ಭಾವವೊಂದನ್ನೇ ಅಳೆದಾಗ ಬಂದ ಅಂಕಿ. ಮಾತಿಗೆ ಏಳೇ ಪಾಲಾಗಿದ್ದರೆ ನಾನು ಇಷ್ಟು ಹೊತ್ತು ಗಂಟಲು ನೋಯಿಸಿಕೊಳ್ಳಬೇಕಿರಲಿಲ್ಲ.

ಮುಖ ಓದುವುದು ನಿಜಕ್ಕೂ ಬೇಕಾಗುವುದು ಮಾತು ಬಾರದವರ ಹತ್ತಿರ, ಅದರಲ್ಲೂ ನೋವಿನ ವಿಷಯದಲ್ಲಿ. ನೋವಿನ ಮುಖದಲ್ಲಿ ಪದೇ ಪದೇ ಕಾಣುವ ನಾಲ್ಕು ಚಲನೆಗಳಿವೆ: ಹುಬ್ಬು ಇಳಿಯುವುದು, ಕಣ್ಣಿನ ಸುತ್ತ ಬಿಗಿಯುವುದು, ಮೂಗು ಅಥವಾ ಮೇಲ್ತುಟಿ ಸುಕ್ಕಾಗುವುದು, ಕಣ್ಣು ಮುಚ್ಚುವುದು. ಸಿಟ್ಟಿನ ಜೊತೆ ಗೊಂದಲವಾಗುವುದು ಹುಬ್ಬಿನಿಂದ. ಸಿಟ್ಟಿನಲ್ಲಿ ಕಣ್ಣು ಎದುರಿನವರನ್ನು ಹಿಡಿದಿಟ್ಟುಕೊಳ್ಳುತ್ತದೆ, ನೋವಿನಲ್ಲಿ ಮುಚ್ಚಿಕೊಂಡು ಒಳಕ್ಕೆ ಹೋಗುತ್ತದೆ. ಮರೆವಿನ ಕಾಯಿಲೆಯ ಅಜ್ಜಿ ಸೀರೆ ಬದಲಿಸುವಾಗ ‘ಸಿಡುಕುತ್ತಾಳೆ’ ಎನ್ನುವವರು ಆ ಕಣ್ಣನ್ನು ನೋಡಲಿ. ಸಿಡುಕಲ್ಲ, ಕೀಲುನೋವು ಇರಬಹುದು. ಮಲಗಿದ್ದಾಗ ನೋಡಿದರೆ ಸಾಲದು, ಹೊರಳಿಸುವಾಗ ನೋಡಬೇಕು.

ಪುಟ್ಟ ಮಕ್ಕಳಿಗೆ, ಎರಡು ತಿಂಗಳಿಂದ ಏಳು ವರ್ಷದ ತನಕ, ಆಸ್ಪತ್ರೆಗಳಲ್ಲಿ ಬಳಸುವ ‘ಫ್ಲ್ಯಾಕ್’ ಎಂಬ ಅಳತೆಯಿದೆ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ, ಹೀಗೆ ಐದಕ್ಕೆ ತಲಾ 0ಯಿಂದ 2, ಒಟ್ಟು 10. ಆಗೊಮ್ಮೆ ಈಗೊಮ್ಮೆ ಮುಖ ಕಿವುಚಿದರೆ 1. ಪದೇ ಪದೇ ಅಥವಾ ಸದಾ ಹುಬ್ಬು ಗಂಟು, ದವಡೆ ಬಿಗಿ, ಗದ್ದ ನಡುಕ ಇದ್ದರೆ 2. ಕಾಲು ಸಡಿಲವಾಗಿದ್ದರೆ 0, ಚಡಪಡಿಸಿದರೆ 1, ಒದೆಯುತ್ತಿದ್ದರೆ ಅಥವಾ ಹೊಟ್ಟೆಗೆ ಎಳೆದುಕೊಂಡರೆ 2. ಎತ್ತಿ ಅಪ್ಪಿಕೊಂಡರೆ ಸುಮ್ಮನಾಗುವ ಮಗುವಿಗೆ ಸಮಾಧಾನದಲ್ಲಿ 1, ಏನು ಮಾಡಿದರೂ ಆಗದಿದ್ದರೆ 2. ಬಾಗಿಲಲ್ಲಿ ನಿಂತು ಒಂದು ನೋಟ ಬೀರಿ ಅಂಕ ಬರೆಯುವುದು ಸಾಮಾನ್ಯ ತಪ್ಪು. ಹೊದಿಕೆ ಸರಿಸಿ, ಕಾಲು ಮೈ ಕಾಣುವ ಹಾಗೆ, ಕನಿಷ್ಠ ಒಂದೆರಡು ನಿಮಿಷ ನೋಡಬೇಕು. ಅಂಕ 4ರಿಂದ 6 ಬಂದರೆ ಮಧ್ಯಮ, 7 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಹಸಿದ ಮಗುವಿಗೂ, ಬಿಳಿ ಕೋಟು ಕಂಡು ಹೆದರಿದ ಮಗುವಿಗೂ ಇದೇ ಅಂಕ ಬರಬಹುದು, ಹಾಗಾಗಿ ಒಂದು ಸಲದ ಅಂಕವನ್ನು ನಂಬುವಂತಿಲ್ಲ. ವೈದ್ಯರು ಹೇಳಿದ ನೋವಿನ ಔಷಧಿ ಕೊಟ್ಟು, ಅದರ ಪರಿಣಾಮ ಬರುವಷ್ಟು ಹೊತ್ತು ಕಳೆದ ಮೇಲೆ ಅದೇ ಐದನ್ನು ಮತ್ತೆ ಎಣಿಸಿ. 7 ಇದ್ದದ್ದು 2ಕ್ಕೆ ಇಳಿದರೆ ಅದು ನೋವೇ ಇದ್ದಿರುವ ಸಾಧ್ಯತೆ ಹೆಚ್ಚು. ಇಳಿಯದಿದ್ದರೆ ಔಷಧಿ ಸಾಲದೆಂದು ವೈದ್ಯರಿಗೆ ತಿಳಿಸಿ. ಆದರೆ ಅದಕ್ಕೆ ಮುಂಚೆ ಬಟ್ಟೆ ಒದ್ದೆಯಾಗಿದೆಯೇ, ಸೂಜಿ ಚುಚ್ಚಿದ ಜಾಗ ಊದಿದೆಯೇ, ಮೂತ್ರ ಕಟ್ಟಿಕೊಂಡಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.